ದಣಪೆಯ ದೀಪ ಏಕೆ ಹುಚ್ಚೆದ್ದು ಮಿನುಗುತ್ತದೆ: ಎಒಡಿವಿ ಪರೀಕ್ಷೆಯ ದಿನಚರಿ

ಫೆಬ್ರವರಿ 4

ಶಿರಸಿ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಈಗ ನಾಲ್ಕು ಬೋರ್ಡುಗಳಿವೆ. ದಣಪೆಯ (ತೋಟದ ಬಾಗಿಲಿನ) ಕಂಬದಲ್ಲಿ ಒಂದು, ಮನೆಯ ಅಟ್ಟದಲ್ಲಿ ಒಂದು, ಕೊಟ್ಟಿಗೆಯಲ್ಲಿ ಒಂದು, ಕೆಳಗೆ ಪಂಪ್‌ಮನೆಯಲ್ಲಿ ಒಂದು. ಪ್ರತಿಯೊಂದೂ ಪಕ್ಕದ ಬೋರ್ಡಿನ ಜೊತೆ ಮಾತ್ರ ವೈಫೈನಲ್ಲಿ ಮಾತನಾಡಬಲ್ಲದು. ಉದ್ದೇಶ ಇಷ್ಟೇ: ಪಂಪ್‌ಮನೆಗೆ ಮೂರು ಫೇಸ್ ಕರೆಂಟ್ ಬಂದಿದೆಯೇ ಇಲ್ಲವೇ ಎಂಬುದು ಗುಡ್ಡ ಇಳಿಯದೆ ಗೊತ್ತಾಗಬೇಕು. ಪಂಪ್‌ಮನೆಯ ಬೋರ್ಡು ಅದೇ ಕರೆಂಟಿನಲ್ಲಿ ಬದುಕುತ್ತದೆ. ಅದು ಉತ್ತರ ಕೊಟ್ಟರೆ ಕರೆಂಟ್ ಇದೆ ಎಂದರ್ಥ. ಪಕ್ಕದ ತೋಟದ ಪಂಪಿನ ಸದ್ದು ಕೇಳಿಸಿದರೂ ಅದೇ ಅರ್ಥ ಎಂದು ಅಪ್ಪ ಹೇಳುತ್ತಾರೆ. ಅವರು ಹೇಳುವುದು ಸರಿ. ಆದರೂ ಹವ್ಯಾಸ ಹವ್ಯಾಸವೇ.

ದಾರಿ ಹುಡುಕುವ ಕೆಲಸಕ್ಕೆ ಎಒಡಿವಿ ಎಂಬ ಪ್ರೋಟೋಕಾಲನ್ನು ನಾನೇ ಸಿ ಭಾಷೆಯಲ್ಲಿ ಬರೆದೆ. ಇಂಟರ್ನೆಟ್ ನಿಯಮಗಳ ದಾಖಲೆಗಳಲ್ಲಿ ಒಂದಾದ 2003ರ ಆರ್‌ಎಫ್‌ಸಿ 3561 ಅದರ ಮೂಲಪಾಠ. ದಾರಿ ಬೇಕಾದ ನೋಡ್ (ಜಾಲದ ಒಂದು ಬೋರ್ಡು) ಒಂದು ಕೇಳಿಕೆಯನ್ನು ಸುತ್ತಲೂ ಕೂಗುತ್ತದೆ. ಗುರಿಯ ನೋಡ್ ಅಥವಾ ದಾರಿ ತಿಳಿದಿರುವ ಯಾರಾದರೂ ಉತ್ತರ ಕಳಿಸುತ್ತಾರೆ. ದಾರಿ ಕಡಿದರೆ ದೋಷಸೂಚನೆ ಹೊರಡುತ್ತದೆ. ಹಳೆಯ ಸುದ್ದಿಯನ್ನು ಹೊಸದೆಂದು ನಂಬದಿರಲು ಪ್ರತಿ ಗುರಿಗೂ ಒಂದು ಅನುಕ್ರಮ ಸಂಖ್ಯೆ ಇರುತ್ತದೆ.

ಎಲ್ಲವೂ ನಡೆಯುತ್ತಿದೆ, ಒಂದನ್ನು ಬಿಟ್ಟು. ಮೂರು ಫೇಸ್ ಹೋದ ಮೇಲೆ ಅಪರೂಪಕ್ಕೊಮ್ಮೆ ದಣಪೆಯ ಬೋರ್ಡಿನ ದೀಪ ಹುಚ್ಚೆದ್ದು ಮಿನುಗುತ್ತದೆ, ನಿಮಿಷಗಟ್ಟಲೆ. ಮೊದಲು ಕಂಡದ್ದು ಹಾಲು ಕೊಡಲು ಹೊರಟಿದ್ದ ಅಪ್ಪನಿಗೆ.

ಫೆಬ್ರವರಿ 18

ಬೆಂಗಳೂರಿನ ಮನೆಯಲ್ಲಿ, ಲ್ಯಾಪ್‌ಟಾಪಿನೊಳಗೆ ಐವತ್ತು ನೋಡ್‌ಗಳನ್ನು ನಿಲ್ಲಿಸಿದೆ. ಲಿನಕ್ಸ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳಿದ್ದರೆ ಇದು ಕಷ್ಟವಲ್ಲ. ಪ್ರತಿ ನೇಮ್‌ಸ್ಪೇಸ್ ಒಂದು ನೋಡ್, ಅವುಗಳ ನಡುವಿನ ತಂತಿಗಳನ್ನು ಸ್ಕ್ರಿಪ್ಟ್ ಕಡಿಯುತ್ತದೆ, ಕೂಡಿಸುತ್ತದೆ. ಓಡಾಟಕ್ಕೆ 1998ರಿಂದ ಎಲ್ಲರೂ ಬಳಸುತ್ತ ಬಂದಿರುವ ಲೆಕ್ಕವನ್ನೇ ಹಿಡಿದೆ: 1500 ಮೀಟರ್ ಉದ್ದ, 300 ಮೀಟರ್ ಅಗಲದ ಬಯಲು, ಐವತ್ತು ನೋಡ್, 900 ಸೆಕೆಂಡ್. ಪ್ರತಿ ನೋಡ್ ಎಲ್ಲೋ ಒಂದು ಜಾಗ ಆರಿಸಿಕೊಂಡು ಅಲ್ಲಿಗೆ ನಡೆಯುತ್ತದೆ, ನಿಲ್ಲುತ್ತದೆ, ಮತ್ತೊಂದು ಜಾಗ ಆರಿಸುತ್ತದೆ.

ಈ ಲೆಕ್ಕದಲ್ಲಿ ಒಂದು ಹೊಂಡವಿದೆ. ಕನಿಷ್ಠ ವೇಗ ಸೊನ್ನೆ ಎಂದಿಟ್ಟರೆ, ಬಹಳ ನಿಧಾನದ ವೇಗ ಸಿಕ್ಕ ನೋಡ್ ದಾರಿಯಲ್ಲೇ ಕಾಲ ಕಳೆಯುತ್ತದೆ. ಅಂಥವು ಹೆಚ್ಚುತ್ತ ಹೋಗಿ ಸರಾಸರಿ ವೇಗ ಇಳಿಯುತ್ತಲೇ ಇರುತ್ತದೆ. ಇದನ್ನು 2003ರಲ್ಲೇ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ಬೇಡ ಎಂದು ಗೆರೆ ಎಳೆದೆ.

ಫಲಿತಾಂಶ: ತಪ್ಪೇನೂ ಸಿಗಲಿಲ್ಲ. ರಾತ್ರಿಯಿಡೀ ಓಡಿಸಿದರೂ ಇಲ್ಲ.

ಮಾರ್ಚ್ 3

ಐವತ್ತು ನೋಡ್‌ಗಳ ಜಾತ್ರೆ ಬಿಟ್ಟು ಮೂರಕ್ಕೆ ಇಳಿದೆ: ಅಟ್ಟ, ಕೊಟ್ಟಿಗೆ, ಪಂಪ್‌ಮನೆ. ಅವುಗಳ ಮಾದರಿಯನ್ನು ಪ್ರೊಮೆಲಾ ಭಾಷೆಯಲ್ಲಿ ಬರೆದು ಸ್ಪಿನ್‌ಗೆ ಕೊಡುವುದು ಈ ವಾರದ ಕೆಲಸ. ಸ್ಪಿನ್ ಬೆಲ್ ಲ್ಯಾಬ್ಸ್‌ನಲ್ಲಿ ಜೆರಾರ್ಡ್ ಹೋಲ್ಜ್‌ಮನ್ ಕಟ್ಟಿದ ಸಾಧನ. ಪಗಡೆ ಎಸೆದು ಒಂದೊಂದೇ ಆಟ ನೋಡುವ ಬದಲು ಅದು ಎಲ್ಲ ಆಟಗಳನ್ನೂ ಆಡಿ ಮುಗಿಸುತ್ತದೆ. ಯಾವ ಸಂದೇಶ ಮೊದಲು, ಯಾವುದು ಆಮೇಲೆ, ಯಾವುದು ಕಳೆದುಹೋಯಿತು ಎಂಬ ಸಾಧ್ಯತೆಗಳಲ್ಲಿ ಒಂದನ್ನೂ ಬಿಡುವುದಿಲ್ಲ.

ತೊಡಕು ಬಂದದ್ದು ಕಾಲದ ವಿಷಯದಲ್ಲಿ. ಪ್ರೊಮೆಲಾಕ್ಕೆ ಗಡಿಯಾರ ಗೊತ್ತಿಲ್ಲ. ಎಒಡಿವಿಯ ಜೀವವೇ ಗಡಿಯಾರಗಳಲ್ಲಿದೆ: ಬಳಸದ ದಾರಿ 3 ಸೆಕೆಂಡಿಗೆ ಸಾಯುತ್ತದೆ, ಸತ್ತ ದಾರಿಯ ನೆನಪನ್ನು 15 ಸೆಕೆಂಡ್ ಇಟ್ಟುಕೊಂಡು ಆಮೇಲೆ ಅಳಿಸಬಹುದು. ಇವೆರಡರ ಅನುಪಾತ ಒಂದಕ್ಕೆ ಐದು. ಮೂರು ಸೆಕೆಂಡನ್ನು ಒಂದು 'ಟಿಕ್' ಎಂದು ಹಿಡಿದು, ಒಂದರಿಂದ ಐದರವರೆಗೆ ಎಣಿಸುವ ಪುಟ್ಟ ಸಂಖ್ಯೆಗಳನ್ನಿಟ್ಟೆ. ಒರಟು ಲೆಕ್ಕವೇ, ಆದರೆ ಅದಿಲ್ಲದಿದ್ದರೆ ನಡೆಯಲಾರದ ಅಪಘಾತಗಳನ್ನೆಲ್ಲ ಸ್ಪಿನ್ ದೂರುತ್ತ ಕೂರುತ್ತಿತ್ತು.

ಇನ್ನೂ ಒಂದನ್ನು ಸೇರಿಸಿದೆ. ಪ್ರತಿ ನೋಡ್ ಒಮ್ಮೆ, ಯಾವಾಗ ಬೇಕಾದರೂ, ಎಲ್ಲವನ್ನೂ ಮರೆತು ಹೊಸದಾಗಿ ಶುರುವಾಗಬಹುದು. ಊರಿನಲ್ಲಿ ಕರೆಂಟ್ ಕಣ್ಣು ಮಿಟುಕಿಸುವುದನ್ನು ನೋಡಿ ಬೆಳೆದವನಿಗೆ ಇದು ಐವತ್ತು ನೋಡ್‌ಗಳ ಬಯಲಿನಲ್ಲಿ ಹೊಳೆಯದೇ ಹೋದದ್ದೇ ಆಶ್ಚರ್ಯ. ಅಲ್ಲಿ ನೋಡ್‌ಗಳು ನಡೆಯುತ್ತವೆ, ನಿಲ್ಲುತ್ತವೆ. ಒಂದೂ ಸತ್ತು ಹುಟ್ಟುವುದಿಲ್ಲ.

ಮಾರ್ಚ್ 10

ಸಿಕ್ಕಿತು! ಮೊದಲು ಹುಡುಕಾಟದ ಆಳ ಸಾಲದೆಂದು ಸ್ಪಿನ್ ತಕರಾರು ತೆಗೆಯಿತು. ಆಳ ಹೆಚ್ಚಿಸಿದರೆ ಸಾವಿರಾರು ಹೆಜ್ಜೆಗಳ ಒಂದು ಕಥೆ ಕೊಟ್ಟಿತು. ಓದಲು ಮನುಷ್ಯಮಾತ್ರರಿಂದ ಸಾಧ್ಯವಿಲ್ಲ. ಅಗಲದ ಹುಡುಕಾಟಕ್ಕೆ ಬದಲಿಸಿದ ಮೇಲೆ ಒಂದೇ ಪುಟದಲ್ಲಿ ಮುಗಿಯುವ ಜಾಡು ಬಂತು.

ಅಟ್ಟಕ್ಕೆ ಪಂಪ್‌ಮನೆಯ ದಾರಿ ಗೊತ್ತಿದೆ: ಕೊಟ್ಟಿಗೆಯ ಮೂಲಕ, ಎರಡು ಜಿಗಿತ. ಪಂಪ್‌ಮನೆ ಸಾಯುತ್ತದೆ. ಅದೇ ಗಳಿಗೆಯಲ್ಲಿ ಕೊಟ್ಟಿಗೆ ಮರುಹುಟ್ಟು ಪಡೆಯುತ್ತದೆ, ಅದರ ದಾರಿಗಳ ಪಟ್ಟಿ ಖಾಲಿ. ಆರ್‌ಎಫ್‌ಸಿ ಹೇಳಿದಂತೆ ಅದು ಐದು ಟಿಕ್ ಸುಮ್ಮನೆ ಕಾಯುತ್ತದೆ. ಈ ನಡುವೆ ಅಟ್ಟ ಡೇಟಾ ಕಳಿಸುತ್ತಲೇ ಇದೆ, ಕಳಿಸಿದ ಪ್ರತಿ ಸಲ ಆ ದಾರಿಯ ಆಯುಸ್ಸು ಹೊಸದಾಗುತ್ತದೆ. ದಾರಿಯಿಲ್ಲ ಎಂದು ಕೊಟ್ಟಿಗೆ ಕೂಗಿದ ಐದು ದೋಷಸೂಚನೆಗಳೂ ಗಾಳಿಯಲ್ಲಿ ಕಳೆದುಹೋಗುತ್ತವೆ. ಕಾಯುವಿಕೆ ಮುಗಿದ ಕೊಟ್ಟಿಗೆ ಕೇಳುತ್ತದೆ: ಪಂಪ್‌ಮನೆಯ ದಾರಿ ಯಾರಿಗೆ ಗೊತ್ತು? ಅಟ್ಟ ಹೇಳುತ್ತದೆ: ನನಗೆ ಗೊತ್ತು, ಎರಡೇ ಜಿಗಿತ. ಕೊಟ್ಟಿಗೆ ಬರೆದುಕೊಳ್ಳುತ್ತದೆ: ಅಟ್ಟದ ಮೂಲಕ, ಮೂರು ಜಿಗಿತ. ಅನುಕ್ರಮ ಸಂಖ್ಯೆ ಇಲ್ಲಿ ಕಾಪಾಡಲಾರದು, ಏಕೆಂದರೆ ಹೋಲಿಸಲು ಕೊಟ್ಟಿಗೆಯ ಬಳಿ ಹಳೆಯ ಸಂಖ್ಯೆಯೇ ಉಳಿದಿಲ್ಲ.

ಈಗ ಅಟ್ಟ ಕೊಟ್ಟಿಗೆಯನ್ನು ತೋರಿಸುತ್ತದೆ, ಕೊಟ್ಟಿಗೆ ಅಟ್ಟವನ್ನು. ಸುತ್ತುವ ಪ್ರತಿ ಪ್ಯಾಕೆಟ್ ಎರಡೂ ಕಡೆ ದಾರಿಯ ಆಯುಸ್ಸನ್ನು ಹೆಚ್ಚಿಸುವುದರಿಂದ ಈ ಸುತ್ತು ತನ್ನ ಊಟ ತಾನೇ ಬೇಯಿಸಿಕೊಳ್ಳುತ್ತದೆ.

ಮಾರ್ಚ್ 11

ಆರ್‌ಎಫ್‌ಸಿಯನ್ನು ಮತ್ತೆ ಓದಿದೆ. ಕಾಯುತ್ತಿರುವಾಗ ಬೇರೆಯವರ ಡೇಟಾ ಬಂದರೆ ದೋಷಸೂಚನೆ ಕೂಗಬೇಕು, ಕಾಯುವ ಗಡಿಯಾರವನ್ನೂ ಮೊದಲಿನಿಂದ ಶುರು ಮಾಡಲೇಬೇಕು ಎಂದಿದೆ. ಒಂದೇ ವಾಕ್ಯ. ಅದರ ಉತ್ತರಾರ್ಧವನ್ನು ನಾನು ಮಾದರಿಯಲ್ಲೂ ಬರೆದಿಲ್ಲ, ಪ್ರೋಗ್ರಾಂನಲ್ಲೂ ಬರೆದಿಲ್ಲ. ಒಂದೇ ಕಣ್ಣಿನಿಂದ ಓದಿದವನು ಎರಡು ಸಲ ಬರೆದರೂ ತಪ್ಪು ಒಂದೇ.

ಆದರೂ ಒಂದು ಅನುಮಾನ. ಐದು ದೋಷಸೂಚನೆಗಳು ಒಂದರ ಹಿಂದೊಂದು ಕಳೆದುಹೋಗುವುದು ಕಾಗದದ ಮೇಲೆ ಸರಿ. ತೋಟದಲ್ಲಿ?

ಮಾರ್ಚ್ 23

ಊರಿಗೆ ಬಂದೆ. ಕೊಟ್ಟಿಗೆಯ ಬೋರ್ಡಿನ ಪ್ಲಗ್ ಕಿತ್ತು ಮತ್ತೆ ಚುಚ್ಚುವುದೇ ಮಧ್ಯಾಹ್ನದ ಕೆಲಸವಾಯಿತು. ಪಂಪ್‌ಮನೆಯ ಸ್ವಿಚ್ ಬಳಿ ತಮ್ಮ, ನಾನು ಕೂಗಿದಾಗ ಆರಿಸಬೇಕು. ಹತ್ತು ಸಲ ಮಾಡಿದರೂ ಸುತ್ತು ಹುಟ್ಟಲಿಲ್ಲ. ಕಾರಣ ತಿಳಿಯಲು ಕಾಫಿಯಷ್ಟು ಹೊತ್ತು ಬೇಕಾಯಿತು: ಬೋರ್ಡು ಎದ್ದು ನಿಲ್ಲಲು ಅರ್ಧ ನಿಮಿಷ ತೆಗೆದುಕೊಳ್ಳುತ್ತದೆ. ನಾನಿದ್ದೇನೆ ಎಂದು ನೆರೆಯವರಿಗೆ ಕೂಗುವ ಪುಟ್ಟ ಸಂದೇಶ, ಅಂದರೆ ಹಲೋ, ಎರಡು ಸೆಕೆಂಡ್ ಕೇಳಿಸದಿದ್ದರೆ ಅಟ್ಟ ಕೊಟ್ಟಿಗೆಯನ್ನು ಕೈಬಿಡುತ್ತದೆ. ನನ್ನ ಮಾದರಿಯಲ್ಲಿ ಮರುಹುಟ್ಟು ಕ್ಷಣಮಾತ್ರದ್ದು. ಕರೆಂಟಿನ ಮೇಲೆ ಹೊರಿಸಿದ ಆರೋಪ ಸುಳ್ಳಾಯಿತು.

ಹಾಗಾದರೆ ಕ್ಷಣಮಾತ್ರದಲ್ಲಿ ಸತ್ತು ಹುಟ್ಟುವುದು ಯಾವುದು? ಪ್ರೋಗ್ರಾಂ ಮಾತ್ರ. ಅದು ಬಿದ್ದರೆ ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ತಕ್ಷಣ ಎಬ್ಬಿಸುತ್ತದೆ. ಕೊಟ್ಟಿಗೆಯ ಲಾಗ್ ತೆಗೆದು ನೋಡಿದೆ: ಜನವರಿಯಿಂದ ಈಚೆಗೆ ಏಳು ಸಲ ಬಿದ್ದಿದೆ, ಏಳೂ ಸಲ ಮೂರು ಫೇಸ್ ಹೋದ ಗಳಿಗೆಯಲ್ಲಿ. ಮಾಯವಾದ ನೆರೆಯ ನೋಡ್‌ಗೆ ಮೀಸಲಿಟ್ಟ ನೆನಪನ್ನು (ಮೆಮೊರಿ) ಮುಕ್ತಗೊಳಿಸಿ, ಮುಂದಿನ ಸಾಲಿನಲ್ಲೇ ಅದನ್ನು ಮತ್ತೆ ಮುಟ್ಟುವ ತಪ್ಪು ನನ್ನದು. ಪಂಪ್‌ಮನೆ ಸತ್ತದ್ದೇ ಕೊಟ್ಟಿಗೆಯ ಪ್ರೋಗ್ರಾಂ ಬೀಳಲು ಕಾರಣ, ಅದೂ ದೋಷಸೂಚನೆ ಕಳಿಸುವ ಮೊದಲು. ಸ್ಪಿನ್ ಹೇಳಿದ 'ಅದೇ ಗಳಿಗೆ' ಕಾಕತಾಳೀಯವಾಗಿರಲಿಲ್ಲ.

ಪ್ಲಗ್ ಬಿಟ್ಟು ಪ್ರೋಗ್ರಾಮನ್ನೇ ಕೊಂದೆ. ಅಟ್ಟದಿಂದ ಕಳಿಸಿದರೆ ಒಂದೇ ಸುತ್ತಿಗೆ ನಿಲ್ಲುತ್ತದೆ. ತನ್ನದೇ ವಿಳಾಸ ಹೊತ್ತು ಹೊರಗಿನಿಂದ ಬಂದ ಪ್ಯಾಕೆಟನ್ನು ಲಿನಕ್ಸ್ ಎಸೆದುಬಿಡುತ್ತದೆ. ದಣಪೆಯಿಂದ ಕಳಿಸಿದೆ. ಅಟ್ಟದಲ್ಲಿ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ತೆರೆದು ಕುಳಿತರೆ ಅದೇ ಪ್ಯಾಕೆಟ್, ಅದೇ ಗುರುತು, ಪ್ರತಿ ಜಿಗಿತಕ್ಕೆ ಒಂದು ಕಡಿಮೆಯಾಗುವ ಟಿಟಿಎಲ್ ಎಂಬ ಎಣಿಕೆ ಮಾತ್ರ 63, 62, 61, 60 ಎಂದು ಒಂದರವರೆಗೆ ಇಳಿಯುತ್ತಿತ್ತು. ಒಂದು ಪ್ಯಾಕೆಟ್ ಅರವತ್ತಕ್ಕೂ ಹೆಚ್ಚು ಸಲ ಗಾಳಿಗೆ ಏರುತ್ತಿದೆ. ಪಕ್ಕದಲ್ಲಿರುವ ದಣಪೆಯ ಬೋರ್ಡು ಅದನ್ನೆಲ್ಲ ಕೇಳಿಸಿಕೊಂಡು ದೀಪ ಮಿಟುಕಿಸುತ್ತಿದೆ.

ಇನ್ನೊಂದು ವಿಚಿತ್ರ. ಎಒಡಿವಿ ಸಂದೇಶಗಳು ಓಡಾಡುವ 654ನೆಯ ಪೋರ್ಟಿನಲ್ಲಿ ಹುಡುಕಿದರೆ ದೋಷಸೂಚನೆಯ ಸುಳಿವೇ ಇಲ್ಲ. ಐದು ಕಳೆದುಹೋದದ್ದಲ್ಲ, ಒಂದೂ ಹೊರಟಿರಲಿಲ್ಲ! ಆರ್‌ಎಫ್‌ಸಿಯಲ್ಲಿ ದೋಷಸೂಚನೆಯನ್ನು ಯಾರಿಗೆ ಕಳಿಸಬೇಕೆಂಬ ಭಾಗದಲ್ಲಿ, ಆ ದಾರಿಯನ್ನು ತನ್ನ ಮೂಲಕ ಬಳಸುತ್ತಿದ್ದ ಹಿಂದಿನವರ ಪಟ್ಟಿಯನ್ನು ನೋಡು ಎಂದಿದೆ. ಎಲ್ಲವನ್ನೂ ಮರೆತವನ ಆ ಪಟ್ಟಿ ಖಾಲಿ. ಖಾಲಿಯಿದ್ದರೆ ಕಳಿಸಬೇಡ ಎಂದು ನನ್ನ ಪ್ರೋಗ್ರಾಂ. ಮರುಹುಟ್ಟಿನ ಭಾಗ ಮಾತ್ರ ಎಲ್ಲರಿಗೂ ಕೂಗು ಎನ್ನುತ್ತದೆ. ಎರಡು ಭಾಗಗಳನ್ನು ಎರಡು ಬೇರೆ ರಾತ್ರಿಗಳಲ್ಲಿ ಬರೆದಿದ್ದೆ.

ಏಪ್ರಿಲ್ 6

ಗಡಿಯಾರ, ನೆನಪು, ದೋಷಸೂಚನೆ, ಮೂರೂ ತಪ್ಪು ತಿದ್ದಿದೆ. ಮೂರು ನೋಡ್‌ಗಳಿಗೆ ಸ್ಪಿನ್ ತಪ್ಪಿಲ್ಲ ಎನ್ನುತ್ತದೆ. ನಾಲ್ಕಕ್ಕೆ ಏರಿಸಿದರೆ ಲ್ಯಾಪ್‌ಟಾಪಿನ 16 ಜಿಬಿ ಮೆಮೊರಿ ಬರಿದಾಗುತ್ತದೆ. ಕಡಿಮೆ ಮೆಮೊರಿ ಸಾಕಾಗುವ ಬಿಟ್‌ಸ್ಟೇಟ್ ಹುಡುಕಾಟ ಮುಗಿಯುತ್ತದೆ, ಆದರೆ ಅದು ಕೆಲವು ಸ್ಥಿತಿಗಳನ್ನು ನೋಡದೆಯೇ ದಾಟಬಹುದು. ಅದನ್ನು ಸಾಬೀತು ಎನ್ನಲಾರೆ.

ಗುರಿಯ ನೋಡ್ ಮಾತ್ರ ಉತ್ತರಿಸಲಿ ಎಂಬ ಗುರುತನ್ನು ಕೇಳಿಕೆಯಲ್ಲಿ ಹಚ್ಚಿದ್ದರೆ ಅಟ್ಟ ಬಾಯಿ ತೆರೆಯುತ್ತಲೇ ಇರಲಿಲ್ಲ. ನಾಲ್ಕು ಬೋರ್ಡಿನ ತೋಟಕ್ಕೆ ಅದೇ ಸಾಕಿತ್ತು. ಹಟಕ್ಕೆ ಬಿದ್ದು ಹಚ್ಚಲಿಲ್ಲ.

ಈ ದಾರಿಯಲ್ಲಿ ನಾನು ಮೊದಲಿಗನೇನಲ್ಲ. ಭಾರ್ಗವನ್, ಒಬ್ರಾಡೊವಿಚ್, ಗಂಟರ್ ಮೂವರು 2002ರಲ್ಲೇ ಸ್ಪಿನ್ ಮತ್ತು ಪ್ರಮೇಯ ಸಾಧಿಸಲು ನೆರವಾಗುವ ಹಾಲ್ (HOL) ಸಾಧನಗಳನ್ನು ಬಳಸಿ ಎಒಡಿವಿಯ ಕರಡಿನಲ್ಲಿ ಇದೇ ಜಾತಿಯ ಸುತ್ತುಗಳನ್ನು ತೋರಿಸಿದ್ದರು. ಆಸ್ಟ್ರೇಲಿಯಾದ ನಿಕ್ಟಾ ಸಂಶೋಧನಾ ಸಂಸ್ಥೆಯಲ್ಲಿ ವ್ಯಾನ್ ಗ್ಲಾಬೀಕ್, ಹೋಫ್ನರ್ ಮತ್ತು ಸಂಗಡಿಗರು ಅಂತಿಮ ಆರ್‌ಎಫ್‌ಸಿಯನ್ನೇ ಹಿಡಿದು, ಅದರ ಅಸ್ಪಷ್ಟ ವಾಕ್ಯಗಳನ್ನು ಒಂದು ಬಗೆಯಲ್ಲಿ ಓದಿದರೆ ಸುತ್ತಿಲ್ಲ, ಇನ್ನೊಂದು ಬಗೆಯಲ್ಲಿ ಓದಿದರೆ ಇದೆ ಎಂದು 2013ರಲ್ಲಿ ತೋರಿಸಿದರು. ಮಾರ್ಚ್ 23ಕ್ಕೆ ಮೊದಲು ಓದಿದ್ದರೆ ಇದು ಪಂಡಿತರ ತಲೆಹರಟೆ ಎನ್ನುತ್ತಿದ್ದೆನೇನೋ.

ಏಪ್ರಿಲ್ 20

ಇಂದು ನಡಿಗೆಯ ಪರೀಕ್ಷೆ. ಪಂಪ್‌ಮನೆಯ ಬೋರ್ಡಿಗೆ ಪವರ್ ಬ್ಯಾಂಕ್ ಕಟ್ಟಿ ತಮ್ಮನ ಕೈಗೆ ಕೊಟ್ಟೆ. ಗುಡ್ಡ ಹತ್ತು, ಇಳಿ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ಇಂಥದೇ ಪರೀಕ್ಷೆಗೆ ಹತ್ತಾರು ಜನರ ಕೈಗೆ ಲ್ಯಾಪ್‌ಟಾಪ್ ಕೊಟ್ಟು, ಪರದೆಯ ಮೇಲೆ ಮೂಡುವ ಸೂಚನೆಯಂತೆ ನಡೆಸಿದ್ದರು. ನನಗೆ ಸಿಕ್ಕವನು ಒಬ್ಬನೇ, ಅವನೂ ಸೂಚನೆ ಕೇಳುವವನಲ್ಲ.

ಅರ್ಧ ಗುಡ್ಡ ಹತ್ತಿದಾಗ ಪಿಂಗ್ (ಇದ್ದೀಯಾ ಎಂದು ಕೇಳಿ ಉತ್ತರ ಪಡೆಯುವ ಪರೀಕ್ಷೆ) ಸತ್ತಿತು. ದಾರಿ ಕಡಿದದ್ದಲ್ಲ, 'ಸುಧಾರಿಸಿದ್ದು'. ಕೊಟ್ಟಿಗೆಯ ಮೂಲಕ ಎರಡು ಜಿಗಿತದಲ್ಲಿ ಚೆನ್ನಾಗಿ ನಡೆಯುತ್ತಿದ್ದುದನ್ನು ಬಿಟ್ಟು ಅಟ್ಟ ನೇರ ಒಂದೇ ಜಿಗಿತಕ್ಕೆ ಹಾರಿತ್ತು. ಹಲೋ ಚಿಕ್ಕದು, ವೈಫೈ ಅದನ್ನು ಅತಿ ಕಡಿಮೆ ವೇಗದಲ್ಲಿ ಕೂಗುವುದರಿಂದ ದೂರಕ್ಕೆ ಕೇಳಿಸುತ್ತದೆ. ಡೇಟಾ ಹೆಚ್ಚಿನ ವೇಗದಲ್ಲಿ ಹೋಗುತ್ತದೆ, ಅಷ್ಟು ದೂರ ಮುಟ್ಟುವುದಿಲ್ಲ. ಹಲೋ ಮುಟ್ಟಿ ಡೇಟಾ ಮುಟ್ಟದ ಈ ‘ಬೂದು ಪಟ್ಟಿ’ಯನ್ನು 2002ರಲ್ಲಿ ಗುರುತಿಸಿದವರೂ ಉಪ್ಸಾಲಾದವರೇ. ನನ್ನ ಸ್ಪಿನ್ ಮಾದರಿಯಲ್ಲಿ ಕೊಂಡಿ ಇದೆ ಅಥವಾ ಇಲ್ಲ. ಹಲೋಗೆ ಇದ್ದು ಡೇಟಾಕ್ಕೆ ಇಲ್ಲದ ಕೊಂಡಿಗೆ ಅಲ್ಲಿ ಜಾಗವೇ ಇಲ್ಲ. ಅವರು ಹೇಳಿದ ಮದ್ದುಗಳಲ್ಲಿ ಎರಡನ್ನು ಹಾಕಿದೆ: ಮೂರು ಹಲೋ ಸತತವಾಗಿ ಕೇಳಿಸಿದರೆ ಮಾತ್ರ ನೆರೆ ಎಂದು ಒಪ್ಪುವುದು, ತನಗೆ ಯಾರ ಹಲೋ ಕೇಳಿಸುತ್ತಿದೆ ಎಂಬುದನ್ನು ಹಲೋದಲ್ಲೇ ಹೇಳುವುದು. ಪೂರ್ತಿ ವಾಸಿಯಾಗಿಲ್ಲ, ಪಿಂಗ್ ಸಾಯುವ ಜಾಗ ಹತ್ತು ಹೆಜ್ಜೆಯಷ್ಟಕ್ಕೆ ಕುಗ್ಗಿದೆ.

ಮೇ 12

ನೆನಪಿನ ತಪ್ಪನ್ನು ತಿದ್ದಿದ ಮೇಲೆ ಕೊಟ್ಟಿಗೆಯ ಪ್ರೋಗ್ರಾಂ ಬೀಳುವುದು ನಿಂತಿತ್ತು. ಹಾಗಾಗಿ ಮೂರು ಫೇಸ್ ಹೋದಾಗಲೆಲ್ಲ ಅದನ್ನು ಕೊಲ್ಲುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಇಟ್ಟು ಬಂದಿದ್ದೆ. ನಿನ್ನೆ ಸಂಜೆ ಗುಡುಗು ಮಳೆಗೆ ಕರೆಂಟ್ ಹೋದಾಗಿನ ಲಾಗ್ ಇವತ್ತು ನೋಡಿದೆ. 18:42:07ಕ್ಕೆ ಪ್ರೋಗ್ರಾಂ ಎದ್ದಿದೆ. 18:42:08ಕ್ಕೆ ದಣಪೆಯ ಒಂದು ಪ್ಯಾಕೆಟ್ ಬಂದಿದೆ, ಒಂದು ದೋಷಸೂಚನೆ ಹೊರಟಿದೆ, ಗಡಿಯಾರ ಮೊದಲಿನಿಂದ ಶುರುವಾಗಿದೆ. ಆಮೇಲೆ ಹದಿನೈದು ಸೆಕೆಂಡ್ ಬೇರೆಯವರ ಡೇಟಾ ಒಂದೂ ಬಂದಿಲ್ಲ. 18:42:23ಕ್ಕೆ ಕೊಟ್ಟಿಗೆ ಪಂಪ್‌ಮನೆಯ ದಾರಿ ಕೇಳಿದೆ. ಯಾರೂ ಉತ್ತರಿಸಿಲ್ಲ.