ಜಿಮ್ನಿಯಲ್ಲಿ ಕಳಸಕ್ಕೆ: ಮಳೆಗಾಲದಲ್ಲಿ ಮನೆಮಂದಿಯೊಡನೆ ಹೊರಡುವವರಿಗೆ

ಜೂನ್ ಕೊನೆಯ ವಾರ ಅಮ್ಮ, ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳೊಂದಿಗೆ ಬೆಂಗಳೂರಿನಿಂದ ಕಳಸಕ್ಕೆ ಹೋಗಿ, ಸಂಸೆಯ ಬಳಿಯ ಒಂದು ಹೋಮ್‌ಸ್ಟೇಯಲ್ಲಿ ಎರಡು ರಾತ್ರಿ ಉಳಿದು ಬಂದೆವು. ಹೋಗಿ ಬಂದ ದಾರಿ ಒಟ್ಟು ಸುಮಾರು 680 ಕಿಲೋಮೀಟರ್. ಅದರಲ್ಲಿ ನಾಲ್ಕೂ ಚಕ್ರಗಳ ಎಳೆತ ನಿಜಕ್ಕೂ ಬೇಕಾದದ್ದು ಡಾಂಬರು ಬಿಟ್ಟು ತೋಟದೊಳಗೆ ಏರುವ ನಾಲ್ಕು ಕಿಲೋಮೀಟರ್ ಮಣ್ಣು ದಾರಿಯಲ್ಲಿ ಮಾತ್ರ. ಮನೆಗಿರುವ ಒಂದೇ ಕಾರಾಗಿ ಸಣ್ಣ ಫೋರ್ ವೀಲ್ ಡ್ರೈವ್ ಕೊಳ್ಳಲು ಯೋಚಿಸುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು, ಏಕೆಂದರೆ ಉಳಿದಷ್ಟೂ ದೂರ ಮನೆಯವರು ಕೂರುವುದು ಅದೇ ಸೀಟಿನಲ್ಲಿ.

ನಾವು ಮಾರುತಿಯ ಐದು ಬಾಗಿಲಿನ ಜಿಮ್ನಿಯನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಅಮ್ಮನ ಮಂಡಿನೋವು. ಮಹೀಂದ್ರಾದ ಮೂರು ಬಾಗಿಲಿನ ಥಾರ್‌ನಲ್ಲಿ ಮುಂದಿನ ಸೀಟು ಮಡಚಿ ಹಿಂದಕ್ಕೆ ನುಸುಳಬೇಕು. ಅವರು ಒಂದು ಸಲ ಪ್ರಯತ್ನಿಸಿ, ನಕ್ಕು ಇಳಿದುಬಿಟ್ಟರು. ಐದು ಬಾಗಿಲಿನ ಥಾರ್ ರಾಕ್ಸ್ ಹಿತವಾಗಿತ್ತು, ಆದರೆ ಅದರ ಉದ್ದ 4,428 ಮಿಲಿಮೀಟರ್, ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಜಾಗಕ್ಕೆ ಅದು ಒಗ್ಗುವಂತಿರಲಿಲ್ಲ. ಮಾರುತಿಯದೇ ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಎಂಬ ಫೋರ್ ವೀಲ್ ಡ್ರೈವ್ ಮಾದರಿಯಲ್ಲಿ ಐದು ಜನ ಕೂರಬಹುದು, ಹೆದ್ದಾರಿಯಲ್ಲಿ ಸುಖವೂ ಹೆಚ್ಚು, ಆದರೆ ಕಡಿದಾದ ಏರಿಗೆ ಬೇಕಾಗುವ ಲೋ ಗೇರ್ ಇಲ್ಲ. ಜಿಮ್ನಿಯ ಉದ್ದ 3,985, ಅಗಲ 1,645 ಮಿಲಿಮೀಟರ್. ಬಸವನಗುಡಿಯ ಗಲ್ಲಿಗಳಲ್ಲಿ ಈ ಅಗಲದ ಬೆಲೆ ದಿನವೂ ತಿಳಿಯುತ್ತದೆ.

ಬೆಳಗಿನ ಐದಕ್ಕೆ ಹೊರಟರೆ ನೆಲಮಂಗಲದ ದಟ್ಟಣೆಗೆ ಸಿಕ್ಕದೆ ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಬಹುದು. 1.5 ಲೀಟರ್ ಪೆಟ್ರೋಲ್ ಎಂಜಿನ್‌ಗೆ ನಾಲ್ಕು ಜನರ ಭಾರವಿದ್ದಾಗ ಗಂಟೆಗೆ 80–90 ಕಿಲೋಮೀಟರ್ ವೇಗವೇ ಸರಿ. ಲಾರಿಯನ್ನು ಹಿಂದಿಕ್ಕಬೇಕಾದರೆ ಒಂದು ಗೇರ್ ಇಳಿಸಿಕೊಂಡೇ ಹೋಗಬೇಕು. ಮುಂದೆ ಹಿಂದೆ ಎರಡೂ ಕಡೆ ಎಡ-ಬಲ ಚಕ್ರಗಳನ್ನು ಒಂದಾಗಿ ಜೋಡಿಸುವ ಗಟ್ಟಿ ಆಕ್ಸಲ್ ಇರುವುದರಿಂದ ರಸ್ತೆಯ ಉಬ್ಬುಗಳು ಹಿಂದಿನ ಸೀಟಿಗೆ ಚೆನ್ನಾಗಿಯೇ ತಲುಪುತ್ತವೆ. ಬೇಲೂರು ದಾಟಿ ಮೂಡಿಗೆರೆಗೆ ಬರುವಷ್ಟರಲ್ಲಿ ಅಮ್ಮ ನಿಂಬೆಹಣ್ಣು ಮೂಸುತ್ತಿದ್ದರು. ಹೀಗಾಗಿ ಹಿರಿಯರಿದ್ದರೆ ಮುಂದಿನ ಸೀಟು ಅವರಿಗೇ ಬಿಡಿ. ನಾವು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ ಮೇಲೆ ಹಾಗೆ ಬದಲಿಸಿಕೊಂಡೆವು. ಟ್ಯಾಂಕ್ ಹಿಡಿಯುವುದು ಕೇವಲ 40 ಲೀಟರ್. ನಮಗೆ ಹೆದ್ದಾರಿಯಲ್ಲಿ ಲೀಟರಿಗೆ ಹದಿನಾಲ್ಕೂವರೆ, ಘಟ್ಟದ ಕಡೆ ಹನ್ನೊಂದರ ಆಸುಪಾಸು ಸಿಕ್ಕಿತು, ಆದ್ದರಿಂದ ಮೂಡಿಗೆರೆಯಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ಕೊಟ್ಟಿಗೆಹಾರದಿಂದ ಕಳಸದವರೆಗಿನ ಕಿರಿದಾದ ತಿರುವುಗಳಲ್ಲಿ ಎದುರು ಬರುವ ಬಸ್ಸಿಗೆ ದಾರಿ ಬಿಡುವಾಗ ಮಾತ್ರ ಈ ಸಣ್ಣ ಕಾರಿನ ಬಗ್ಗೆ ಮನೆಯಲ್ಲಿ ಎಲ್ಲರಿಗೂ ಒಮ್ಮತವಿತ್ತು.

ಮಣ್ಣು ದಾರಿ ಶುರುವಾದದ್ದು ಸಂಜೆ ನಾಲ್ಕಕ್ಕೆ. ಅಂದು ಬೆಳಗಿನಿಂದ ಮಳೆ ಸುರಿದಿತ್ತು, ಕೆಂಪು ಮಣ್ಣು ಸೋಪಿನಂತಾಗಿತ್ತು. ಮೊದಲ ಇನ್ನೂರು ಮೀಟರ್ ಹಿಂದಿನ ಎರಡು ಚಕ್ರಗಳ ಎಳೆತದಲ್ಲೇ ಸಲೀಸಾಗಿ ಹತ್ತಿದ್ದರಿಂದ ನಾಲ್ಕೂ ಚಕ್ರಗಳಿಗೆ ಎಳೆತ ಕೊಡುವ ಸಣ್ಣ ಲಿವರನ್ನು ನಾನು ಮುಟ್ಟಲೇ ಇಲ್ಲ. ಒಂದು ಕಡಿದಾದ ತಿರುವಿನಲ್ಲಿ ಹಿಂದಿನ ಚಕ್ರಗಳು ಗಿರ್ರನೆ ತಿರುಗಿ, ಕಾರಿನ ಹಿಂಭಾಗ ಮೆಲ್ಲಗೆ ಚರಂಡಿಯ ಕಡೆ ಜಾರತೊಡಗಿತು. ಬ್ರೇಕ್ ಒತ್ತಿದರೆ ಇನ್ನಷ್ಟು ಜಾರಿತು. ಚರಂಡಿಗೆ ಒಂದು ಗೇಣು ಉಳಿದಿದ್ದಾಗ ಕಾರು ನಿಂತಿತು. ನಮ್ಮನ್ನು ಕರೆದೊಯ್ಯಲು ಕೊಡೆ ಹಿಡಿದು ಬಂದಿದ್ದ ಹೋಮ್‌ಸ್ಟೇಯ ಜೀಪಿನ ಚಾಲಕ ಕಿಟಕಿಯಲ್ಲಿ ಬಗ್ಗಿ, “ಎಂತ ಸಾರ್, ಫೋರ್ ವೀಲ್ ಹಾಕ್ಲಿಲ್ವಾ? ಕೆಳಗೇ ಹಾಕ್ಕೊಂಡು ಬರ್ಬೇಕಿತ್ತಲ್ಲ” ಎಂದರು. ಅಮ್ಮನನ್ನೂ ಮಗಳನ್ನೂ ಇಳಿಸಿ, ಕ್ಲಚ್ ಒತ್ತಿ ಲಿವರನ್ನು 4 ಲೋಗೆ, ಅಂದರೆ ನಾಲ್ಕೂ ಚಕ್ರಗಳಿಗೆ ಲೋ ಗೇರ್ ಸಿಗುವ ಸ್ಥಾನಕ್ಕೆ ಎಳೆದು, ಮೊದಲ ಗೇರಿನಲ್ಲಿ ಆಕ್ಸಲರೇಟರನ್ನು ಸಮನಾಗಿ ಹಿಡಿದಾಗ ಕಾರು ಟ್ರ್ಯಾಕ್ಟರಿನಂತೆ ತೆವಳಿಕೊಂಡು ಹತ್ತಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಜಿಮ್ನಿಯಲ್ಲಿ ಚಕ್ರವೊಂದು ಹಿಡಿತ ತಪ್ಪಿ ಸುತ್ತತೊಡಗಿದರೆ ವ್ಯವಸ್ಥೆಯೇ ಅದಕ್ಕೆ ಬ್ರೇಕ್ ಹಾಕಿ, ಶಕ್ತಿಯನ್ನು ಅದೇ ಆಕ್ಸಲ್‌ನ ಇನ್ನೊಂದು ಚಕ್ರಕ್ಕೆ ಹರಿಸುತ್ತದೆ. ಚಕ್ರ ಸುತ್ತಿದ ಸದ್ದಿಗೆ ಹೆದರಿ ಕಾಲು ತೆಗೆದರೆ ಅದು ಕೆಲಸ ಮಾಡುವ ಮೊದಲೇ ಕಾರು ನಿಂತುಬಿಡುತ್ತದೆ. ನಾನು ಮಾಡಿದ ಎರಡನೆಯ ತಪ್ಪು ಇದೇ. ಹಾಗೆಂದು ಘಟ್ಟದ ಒದ್ದೆ ಡಾಂಬರಿನಲ್ಲೂ 4 ಹೈ (ಲೋ ಗೇರ್ ಇಲ್ಲದೆ ನಾಲ್ಕೂ ಚಕ್ರಗಳ ಎಳೆತ) ಹಾಕಿಕೊಂಡು ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಈ ಕಾರಿನಲ್ಲಿ ಎರಡೂ ಆಕ್ಸಲ್‌ಗಳ ನಡುವೆ ಅದನ್ನು ಹೊಂದಿಸುವ ಡಿಫರೆನ್ಷಿಯಲ್ ಇಲ್ಲದ ಕಾರಣ ಆ ವ್ಯತ್ಯಾಸ ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಾದರೆ ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬಿಗಿದು ಕೂರುತ್ತದೆ. ಮರಳುವಾಗ ಅದೇ ಇಳಿಜಾರನ್ನು 4 ಲೋ, ಮೊದಲ ಗೇರಿನಲ್ಲಿ, ಬ್ರೇಕಿಗೆ ಕಾಲಿಡದೆ ಇಳಿದೆವು. ಟೈರಿನ ಗಾಳಿಯನ್ನು ನಾಲ್ಕೈದು ಪಾಯಿಂಟ್ ಇಳಿಸಿದ್ದರೆ ಹಿಡಿತ ಇನ್ನೂ ಚೆನ್ನಾಗಿರುತ್ತಿತ್ತು, ಆದರೆ ಮತ್ತೆ ತುಂಬಲು ಪಂಪು ಕಾರಿನಲ್ಲಿರಬೇಕು, ನಮ್ಮದು ಮನೆಯಲ್ಲಿತ್ತು.

ಹಿಂದಿನ ಸೀಟು ಮಡಚದಿದ್ದಾಗ ಡಿಕ್ಕಿಯ ಜಾಗ 208 ಲೀಟರ್. ಮೆತ್ತನೆಯ ಎರಡು ಬ್ಯಾಗು, ಕೊಡೆಗಳು, ಒಂದು ಬುಟ್ಟಿ ಇಟ್ಟರೆ ಮುಗಿಯಿತು. ಗಟ್ಟಿ ಸೂಟ್‌ಕೇಸನ್ನು ಮನೆಯಲ್ಲೇ ಬಿಡಿ. ಸ್ಟೆಪ್ನಿ ಹೊತ್ತ ಹಿಂಬಾಗಿಲು ಪಕ್ಕಕ್ಕೆ ತೆರೆದುಕೊಳ್ಳುವುದರಿಂದ ಗೋಡೆಗೆ ಒತ್ತಿ ನಿಲ್ಲಿಸಿದರೆ ಸಾಮಾನು ತೆಗೆಯಲಾಗುವುದಿಲ್ಲ. ಹೊರಡುವಾಗ ತೋಟದವರು ಪ್ರೀತಿಯಿಂದ ಕೊಟ್ಟ ಹಲಸಿನ ಹಣ್ಣು ಬೆಂಗಳೂರಿನವರೆಗೂ ಮಗಳ ಕಾಲಡಿಯೇ ಬಂತು. ಸೀಟು ಇರುವುದೂ ನಾಲ್ಕೇ. ಐವರ ಸಂಸಾರಕ್ಕೆ ಈ ಕಾರು ಎಷ್ಟು ಇಷ್ಟವಾದರೂ ಬೇಡ.

ಕೊಠಡಿ ಕಾದಿರಿಸುವಾಗ “ರಸ್ತೆ ಹೇಗಿದೆ” ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. “ನಿಮ್ಮ ಮನೆಯವರೆಗೆ ಮಳೆಗಾಲದಲ್ಲಿ ಆಟೋ ಬರುತ್ತದೆಯೇ” ಎಂದು ಕೇಳಿ. ಬರುತ್ತದೆ ಎಂದರೆ ಯಾವ ಕಾರಾದರೂ ಸಾಕು. ಬರುವುದಿಲ್ಲ ಎಂದರೆ, ವರ್ಷಕ್ಕೊಮ್ಮೆ ಹೋಗುವವರು ಕಾರನ್ನು ಕೆಳಗೆ ನಿಲ್ಲಿಸಿ ಅವರ ಜೀಪಿನಲ್ಲಿ ಹತ್ತುವುದೇ ಜಾಣತನ. ಅದಕ್ಕಾಗಿಯೇ ಫೋರ್ ವೀಲ್ ಡ್ರೈವ್ ಕೊಳ್ಳಬೇಕಿಲ್ಲ. ನಮಗೆ ಹೆಂಡತಿಯ ಊರು ಅದೇ ಸೀಮೆ, ವರ್ಷಕ್ಕೆ ಐದಾರು ಸಲ ಹೋಗುತ್ತೇವೆ. ಹೊರನಾಡಿಗೂ ಹೋಗುವವರು ಭದ್ರೆಯ ನೀರಿನ ಮಟ್ಟ ವಿಚಾರಿಸಿಕೊಳ್ಳಿ. ಮಳೆ ಜೋರಾದಾಗ ಹೆಬ್ಬಾಳೆ ಸೇತುವೆ ಮುಳುಗುವುದುಂಟು, ಹರಿಯುವ ನೀರಿಗೆ ಯಾವ ಚಕ್ರದ ಲೆಕ್ಕವೂ ಇಲ್ಲ.

ಮರಳಿದ ಮಾರನೆಯ ದಿನ ಕಾರಿನ ಅಡಿಭಾಗಕ್ಕೆ ನೀರು ಹೊಡೆಸಿದಾಗ ಚಕ್ರದ ಒಳಗಿನಿಂದ ಅರ್ಧ ಬುಟ್ಟಿಯಷ್ಟು ಕೆಂಪು ಮಣ್ಣು ಬಿತ್ತು. ಅದು ಒಣಗಿ ಗಟ್ಟಿಯಾದರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಅಮ್ಮ ಹತ್ತಿಳಿಯಲು ಒಯ್ದಿದ್ದ ಅಡುಗೆಮನೆಯ ಮಣೆಯನ್ನು ಮಾತ್ರ ಕಾರಿನಿಂದ ಇಳಿಸಿಲ್ಲ.