ಆಟ ಹೇಳಿಕೊಂಡವರು ಮೊದಲು ಚೌಕಿ ನೋಡಬೇಕು

ಕರಾವಳಿಯಲ್ಲಿ ದೇವರಿಗೆ ಹೇಳಿಕೊಳ್ಳುವ ಹರಕೆಗಳಲ್ಲಿ ಆಟದ, ಅಂದರೆ ಯಕ್ಷಗಾನ ಆಡಿಸುವ ಹರಕೆಯ ಬಗೆಯೇ ಬೇರೆ. ಎಳನೀರಿನ ಅಭಿಷೇಕ, ಹೂವಿನ ಪೂಜೆ, ರಂಗಪೂಜೆ, ತುಲಾಭಾರ ಇವನ್ನೆಲ್ಲ ನಾವು ಕ್ಷೇತ್ರಕ್ಕೆ ಹೋಗಿ ತೀರಿಸಿ ಬರುತ್ತೇವೆ. ಆಟ ಹೇಳಿಕೊಂಡರೆ ದೇವರೇ ಕ್ಷೇತ್ರದ ಮೇಳದ, ಅಂದರೆ ಯಕ್ಷಗಾನ ತಂಡದ ಜೊತೆ ಹೊರಟು ನಮ್ಮ ಮನೆಯೆದುರಿನ ಬಾಕಿಮಾರು ಗದ್ದೆಗೆ ಬಂದು ಒಂದು ರಾತ್ರಿ ಕೂರುವುದು. ಕಟೀಲಾಗಲಿ, ಧರ್ಮಸ್ಥಳವಾಗಲಿ, ಬಡಗು ಶೈಲಿಯ ಮಂದಾರ್ತಿಯಾಗಲಿ, ಮೇಳದ ದೇವರು ಕೂರುವ ಜಾಗ ಚೌಕಿ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಬಿಡಾರ. ಆಟ ಆಡಿಸುವ ಮನೆಯವರು ರಂಗಸ್ಥಳಕ್ಕೆ ಲೈಟು, ಬಂದವರಿಗೆ ಊಟ, ರಸ್ತೆಗೆ ಬ್ಯಾನರು ಎಲ್ಲ ಮಾಡಿಸುತ್ತಾರೆ. ದೇವರು ಕೂತ ಜಾಗಕ್ಕೆ ಉಳಿಯುವುದು ಹೆಚ್ಚಾಗಿ ಗದ್ದೆಯ ಕೆಸರಿನ ಮೂಲೆ.

ಮೊದಲು ಕಾಯುವ ಮಾತು. ಮೇಳ ವೃಶ್ಚಿಕ ಮಾಸದಲ್ಲಿ ಗೆಜ್ಜೆ ಕಟ್ಟಿ ಹೊರಟರೆ ಗೆಜ್ಜೆ ಬಿಚ್ಚುವುದು ಪತ್ತನಾಜೆಗೆ, ಅಂದರೆ ತುಳು ಬೇಶ ತಿಂಗಳ ಹತ್ತಕ್ಕೆ, ಮೇ 24ರ ಆಸುಪಾಸಿನಲ್ಲಿ. ನಡುವೆ ಒಂದು ಮೇಳಕ್ಕೆ ಸಿಗುವುದು ಹೆಚ್ಚೆಂದರೆ 180-190 ರಾತ್ರಿ. ಕಟೀಲಿಗೆ ಹಲವು ಮೇಳಗಳಿದ್ದರೂ ಹೇಳಿಕೊಂಡವರ ಸಾಲು ಅದಕ್ಕಿಂತ ಉದ್ದ. ವರ್ಷಗಟ್ಟಲೆ ಕಾಯುವುದು ಅಲ್ಲಿ ಮಾಮೂಲು. ಹೇಳಿಕೊಂಡ ಅಜ್ಜ ಹೋಗಿ, ಮೊಮ್ಮಕ್ಕಳು ಆಡಿಸಿದ ಆಟಗಳು ಎಷ್ಟೋ ಉಂಟು.

ಇಷ್ಟು ಕಾಲ ಹೋದರೆ ಹರಕೆಯೇ ಮಸುಕಾಗುತ್ತದೆ. ಯಾವ ದೇವರಿಗೆ, ಯಾವ ಪ್ರಸಂಗ (ಆಡಿಸುವ ಕಥೆ), ಏತಕ್ಕಾಗಿ ಎಂಬುದು ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಮನೆಯಲ್ಲಿ ಒಂದರ ಮೇಲೊಂದು ಅಡ್ಡಿ ಬಂದು ಪ್ರಶ್ನೆ ಇಡಿಸಿದಾಗ ಜೋಯಿಸರು 108 ಕವಡೆಯನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿನಿಂದ ಎಂಟೆಂಟು ತೆಗೆದು, ಉಳಿದ ಲೆಕ್ಕದಿಂದ ಗ್ರಹ ನೋಡಿ ‘ಹಿರಿಯರು ಹೇಳಿಕೊಂಡದ್ದು ಬಾಕಿ ಉಂಟು’ ಎನ್ನುತ್ತಾರೆ. ಎಲ್ಲಿಯದು ಎಂದು ಕೇಳಿದರೆ ಮನೆಯ ಹಿರಿಯರೂ ತಲೆ ಕೆರೆದುಕೊಳ್ಳುತ್ತಾರೆ. ಇದಕ್ಕೆ ಹಳಬರು ಮಾಡಿಟ್ಟ ಉಪಾಯ ಮುಡಿಪು. ಹೇಳಿಕೊಂಡ ದಿನವೇ ಅರಸಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಕೋಣೆಯಲ್ಲಿಡುವುದು. ಈಗ ಅದರೊಳಗೆ ಒಂದು ಚೀಟಿಯೂ ಇರಲಿ: ಕ್ಷೇತ್ರ, ಪ್ರಸಂಗ, ಹೇಳಿಕೊಂಡವರ ಹೆಸರು, ಕಾರಣ, ತಾರೀಕು. ಕ್ಷೇತ್ರದಲ್ಲಿ ಹೆಸರು ಬರೆಸಿದ ರಶೀದಿಯ ಒಂದು ಪ್ರತಿಯೂ ಅದರ ಜೊತೆಗಿರಬೇಕು. ಒಂದೇ ದೇವರಿಗೆ ಅಣ್ಣ ತಮ್ಮ ಇಬ್ಬರೂ ಬೇರೆಬೇರೆ ಹೇಳಿಕೊಂಡು, ಒಂದು ಆಟ ಆಡಿಸಿ ಎರಡೂ ತೀರಿತು ಎಂದುಕೊಳ್ಳುವುದು ಸಾಮಾನ್ಯವಾಗಿ ಆಗುವ ತಪ್ಪು. ಎರಡನ್ನೂ ಒಂದರಲ್ಲಿ ತೀರಿಸುವುದಾದರೆ ಅದನ್ನು ಪ್ರಾರ್ಥನೆಯಲ್ಲಿ ಬಾಯಿಬಿಟ್ಟು ಹೇಳಬೇಕು. ತಡವಾದದ್ದಕ್ಕೆ ತಪ್ಪುಕಾಣಿಕೆ ಹಾಕುವುದೂ ಆಗಲೇ.

ತಾರೀಕು ಸಿಕ್ಕ ಮೇಲೆ ನಕ್ಷತ್ರ, ವಾರ, ಮುಹೂರ್ತ ಎಂದು ಓಡಾಡುವವರಿದ್ದಾರೆ. ನನ್ನ ಮಟ್ಟಿಗೆ ಅದು ಬೇಡದ ಕೆಲಸ. ಮೇಳದ ತಿರುಗಾಟ ಒಂದು ಊರಿನಿಂದ ಇನ್ನೊಂದು ಊರಿಗೆ ಕೊಂಡಿಯಾಗಿ ಹೋಗುವಂಥದ್ದು, ಒಬ್ಬರ ದಿನ ಕದಲಿಸಿದರೆ ಹತ್ತು ಮನೆಯ ದಿನ ಕದಲುತ್ತದೆ. ಮುಹೂರ್ತಕ್ಕಿಂತ ದೊಡ್ಡ ಚಿಂತೆ ಅಮೆ, ಸೂತಕದ್ದು. ಹತ್ತಿರದ ಕುಟುಂಬದಲ್ಲಿ ಹೆರಿಗೆಯೋ ಸಾವೋ ಆದರೆ ಅದೇ ಗಳಿಗೆಗೆ ಮೇಳದ ಮ್ಯಾನೇಜರಿಗೆ ತಿಳಿಸಬೇಕು. ಬೇಗ ಗೊತ್ತಾದರೆ ಇನ್ನೊಬ್ಬ ಸೇವಾಕರ್ತರ ದಿನಕ್ಕೆ ಅದಲುಬದಲು ಮಾಡಲು ದಾರಿ ಸಿಗುತ್ತದೆ. ಹಿಂದಿನ ಸಂಜೆ ಹೇಳಿದರೆ ಯಾರಿಗೂ ದಾರಿಯಿಲ್ಲ. ಇಂಥದ್ದಕ್ಕೆಂದೇ ಕುಟುಂಬದ ಹೊರಗಿನ ಒಬ್ಬರಿಗೆ, ನೆರೆಮನೆಯವರಿಗಾದರೂ ಸರಿ, ಮ್ಯಾನೇಜರ ನಂಬರು ಕೊಟ್ಟಿಡುವುದು ಜಾಣತನ. ಸಾವಿನ ಮನೆಯಲ್ಲಿ ಫೋನು ಮಾಡುವ ನೆನಪು ಯಾರಿಗೂ ಇರುವುದಿಲ್ಲ.

ಇನ್ನು ಚೌಕಿ. ರಂಗಸ್ಥಳದ ಹಿಂದೆ, ಕಲಾವಿದರು ನಾಲ್ಕು ಹೆಜ್ಜೆಯಲ್ಲಿ ಬಂದುಹೋಗುವಷ್ಟು ಹತ್ತಿರ, ಆದರೆ ನೋಡುವವರ ದಾರಿಗೆ ಅಡ್ಡ ಬಾರದಂತೆ ಇರಬೇಕು. ನೆಲ ಸಮ, ಒಣ, ಮೇಲೆ ಮಂಜು ಸೋರದ ಮಾಡು. ಕಡಲ ಕಡೆಯಿಂದ ಗಾಳಿ ನೇರ ಬೀಸುವ ಜಾಗವಾದರೆ ಆ ಬದಿಗೆ ತಟ್ಟಿ ಕಟ್ಟಬೇಕು, ಇಲ್ಲದಿದ್ದರೆ ದೇವರ ಮುಂದಿನ ದೀಪ ನಿಲ್ಲುವುದಿಲ್ಲ. ಒಂದು ತುದಿಯಲ್ಲಿ ದೇವರು, ಉಳಿದ ಉದ್ದಕ್ಕೂ ವೇಷಧಾರಿಗಳು. ಯಾರು ಎಲ್ಲಿ ಕೂರಬೇಕೆಂಬುದಕ್ಕೆ ಕ್ರಮವುಂಟು, ಅದನ್ನು ಮೇಳದವರೇ ನೋಡಿಕೊಳ್ಳುತ್ತಾರೆ. ಮನೆಯವರು ಕೊಡಬೇಕಾದ್ದು ದೇವರ ಬಳಿ ಅರ್ಚಕರು ಓಡಾಡುವಷ್ಟು ಜಾಗ, ಎರಡು ಕೊಡ ಶುದ್ಧ ನೀರು, ಬಣ್ಣ ತೆಗೆಯಲು ಬೇರೆ ನೀರು, ತೆಂಗಿನೆಣ್ಣೆ ಮತ್ತು ಕರೆಂಟು ಹೋದರೂ ಉಳಿಯುವ ಬೆಳಕು. ಜನರೇಟರನ್ನು ಚೌಕಿಯ ಪಕ್ಕದಲ್ಲೇ ಇಡುವ ಅಭ್ಯಾಸವುಂಟು. ಅದರ ಹೊಗೆ ಗಾಳಿಯ ದಿಕ್ಕಿಗೆ ತಿರುಗಿದರೆ ಹಾಡುವ ಭಾಗವತರ ಗಂಟಲಿಗೂ ಬಣ್ಣ ಹಚ್ಚುವವರ ಕಣ್ಣಿಗೂ ತೊಂದರೆ.

ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು ಯಾಕೆ ಅಷ್ಟು ಬೇಗ ಬಂದು ಕೂರುತ್ತಾರೆ ಎಂದು ಕೇಳುವವರು ಒಮ್ಮೆ ಮಹಿಷಾಸುರನ ಮುಖ ನೋಡಬೇಕು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಚಿಟ್ಟಿಯನ್ನು ಕಡ್ಡಿಯ ತುದಿಯಿಂದ ತೆಗೆದು ಮುಖದ ಗೆರೆಗಳ ಮೇಲೆ ಒಂದೊಂದೇ ಮುಳ್ಳಾಗಿ ಕೂರಿಸುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮೂರು ನಾಲ್ಕು ಗಂಟೆಯ ಕೆಲಸ. ಆ ಹೊತ್ತಿಗೆ ಮನೆಯ ಹುಡುಗರು ಮೊಬೈಲ್ ಹಿಡಿದು ಮಾತಾಡಿಸಲು ಹೋದರೆ, ಬಾಯಿ ತೆರೆದದ್ದೇ ತಡ ಕೆನ್ನೆಯ ಮೇಲಿನ ಚಿಟ್ಟಿ ಬಿರುಕು ಬಿಡುತ್ತದೆ. ಚೌಕಿಯ ಬಾಗಿಲಲ್ಲಿ ಮನೆಯವರೊಬ್ಬರು ನಿಂತಿರಬೇಕು ಎನ್ನುವುದು ಇದಕ್ಕೇ.

ಸಂಜೆ ಚೆಂಡೆ ಮದ್ದಳೆಯಲ್ಲಿ ‘ಕೇಳಿ’ ಎಂಬ ಬಡಿತ ಹೊಡೆದು ಆಟವಿದೆ ಎಂದು ಊರಿಗೆ ತಿಳಿಸುತ್ತಾರೆ. ಆಮೇಲಿನ ಚೌಕಿಪೂಜೆಯೇ ಹರಕೆಯ ನಡು. ಸೇವಾಕರ್ತರು ಮಿಂದು, ಮನೆಮಂದಿಯೊಂದಿಗೆ ಅಲ್ಲಿ ನಿಂತು, ಹೆಸರು ಗೋತ್ರ ಹೇಳಿ, ಯಾಕೆ ಹೇಳಿಕೊಂಡದ್ದು ಎಂದು ಪ್ರಾರ್ಥಿಸಬೇಕಾದ ಹೊತ್ತು ಅದು. ನಡೆಯುವುದೇನೆಂದರೆ, ಆ ಗಳಿಗೆಗೇ ಅತಿಥಿಗಳು ಬರುತ್ತಾರೆ, ಯಜಮಾನರು ಊಟದ ಚಪ್ಪರದಲ್ಲಿ ‘ಬನ್ನಿ ಬನ್ನಿ’ ಎನ್ನುತ್ತಿರುತ್ತಾರೆ, ಅರ್ಚಕರು ಮೂರು ಸಲ ಆಳು ಕಳಿಸುತ್ತಾರೆ. ಅತಿಥಿಗಳ ಊಟದ ಉಸ್ತುವಾರಿ ಅಳಿಯನಿಗೋ ಭಾವನಿಗೋ ಮೊದಲೇ ವಹಿಸಿಬಿಟ್ಟರೆ ಈ ಗಲಿಬಿಲಿ ಇಲ್ಲ. ಮೇಳದವರ ಊಟ ಅದಕ್ಕೂ ಮುಂಚೆ ಮುಗಿದಿರಬೇಕು. ಪಂಕ್ತಿಯಲ್ಲಿ ಅತಿಥಿಗಳಿಗೆ ಬಡಿಸಿ ಉಳಿದದ್ದು ಕಲಾವಿದರಿಗೆ ಎನ್ನುವ ಮನೆಗಳೂ ಉಂಟು, ಅದನ್ನು ನೋಡುವುದೇ ಸಂಕಟ.

ಗದ್ದೆಯ ವಿಷಯ ಸ್ವಲ್ಪ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ ಕೊಯ್ದ ಮೇಲೆ ಕೂಳೆ ಕೆತ್ತಿ, ಮಟ್ಟ ಮಾಡಿ, ಎರಡು ದಿನ ಮುಂಚೆ ನೀರು ಚಿಮುಕಿಸಿ ಗುದ್ದಿದರೆ ಧೂಳು ಏಳುವುದಿಲ್ಲ. ಆಟದ ದಿನ ಬೆಳಗ್ಗೆ ನೀರು ಹಾಯಿಸಿದರೆ ರಾತ್ರಿಗೆ ಕೆಸರು. ಕಡಲಬದಿಯ ಹೊಯಿಗೆ (ಮರಳು) ನೆಲದಲ್ಲಿ ಕಾಲು ಹುಗಿದು ಧೀಂಗಿಣ, ಅಂದರೆ ಹಾರಿ ಸುತ್ತುವ ಕುಣಿತ ಹಾಕಲಾಗುವುದಿಲ್ಲ. ಮೇಳದ್ದೇ ರಂಗಸ್ಥಳವಿದ್ದರೂ ಅದರ ಗಾಡಿ ಒಳಗೆ ಬರುವ ದಾರಿ, ತಿರುಗಿಸುವ ಜಾಗ ನೋಡಿಡಬೇಕು. ಧನು, ಮಕರ ತಿಂಗಳಲ್ಲಿ ನಡುರಾತ್ರಿಯ ಮಂಜಿಗೆ ಚೆಂಡೆ ಮದ್ದಳೆಯ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಹಿಮ್ಮೇಳದವರ ತಲೆಯ ಮೇಲೆ ಗಟ್ಟಿ ಹೊದಿಕೆಯಿದ್ದರೆ ಅದರ ಅರ್ಧ ತೊಂದರೆ ತಪ್ಪುತ್ತದೆ.

ಧ್ವನಿವರ್ಧಕದ ನಿರ್ಬಂಧ ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅನ್ವಯವಾಗುತ್ತದೆ. ಪೊಲೀಸ್ ಠಾಣೆಯ ಅನುಮತಿಯನ್ನು ಮೊದಲೇ ಮಾಡಿಸಿಡುವುದು ಒಳ್ಳೆಯದು. ಕಾಲಮಿತಿಯ ಆಟವಾದರೆ ಸಂಜೆ ಬೇಗ ಶುರುವಾಗಿ ನಡುರಾತ್ರಿಗೆ ಮುಗಿಯುತ್ತದೆ. ಆಗ ಮೊದಲು ಕತ್ತರಿ ಬೀಳುವುದು ಕಥೆಗೆ ಮುಂಚಿನ ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಇವು ಕಥೆಗೆ ಬೇಡದಿರಬಹುದು, ಸೇವೆಗೆ ಬೇಕು. ಚಿಕ್ಕದಾಗಿಯಾದರೂ ಇರಲಿ ಎಂದು ಮೊದಲೇ ಕೇಳಿಕೊಳ್ಳಬೇಕು. ಅತಿಥಿಗಳ ಸನ್ಮಾನ, ಭಾಷಣಕ್ಕೆ ಮುಕ್ಕಾಲು ಗಂಟೆ ಕೊಟ್ಟು ಬಾಲಗೋಪಾಲನಿಗೆ ಹತ್ತು ನಿಮಿಷ ಇಲ್ಲ ಎನ್ನುವುದು ಯಾವ ಲೆಕ್ಕ?

ಕಟೀಲು ಮೇಳದಲ್ಲಿ ಹೆಚ್ಚಿನವರು ಹೇಳಿಕೊಳ್ಳುವುದು ದೇವಿ ಮಹಾತ್ಮೆ. ದೇವಿ ಪ್ರತ್ಯಕ್ಷಳಾಗುವ ಹೊತ್ತಿಗೆ ಮಲ್ಲಿಗೆ ಹಾಕಲು ಸಾಲು ಹತ್ತುತ್ತದೆ. ಶಂಕರಪುರದ ಮಲ್ಲಿಗೆಯ ಲೆಕ್ಕ ಚೆಂಡು, ಅಟ್ಟೆಯಲ್ಲಿ: ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ದರ ಏರುವುದರಿಂದ ಹೂ ಮಾರುವ ಕಟ್ಟೆಯಲ್ಲಿ ಮೊದಲೇ ಹೇಳಿಡಬೇಕು. ಮನೆಯ ಅಟ್ಟೆ ಚೌಕಿಯ ದೇವರಿಗೆ ಮೊದಲು ಏರಲಿ, ಅಲ್ಲಿಂದ ಬಂದ ಒಂದು ಚೆಂಡು ವೇಷಕ್ಕೆ ಸಾಕು. ಕಿರೀಟ, ಭುಜಕೀರ್ತಿ, ಸೀರೆಯ ಭಾರದ ಮೇಲೆ ಹತ್ತು ಮನೆಯ ಹಾರ ಹೇರಿದರೆ ಆ ಕಲಾವಿದರು ಮುಂದಿನ ಯುದ್ಧಕ್ಕೆ ಕೈ ಎತ್ತುವುದು ಹೇಗೆ? ನೋಟಿನ ಹಾರದ ಬಗ್ಗೆ ಹೇಳದಿರುವುದೇ ಒಳ್ಳೆಯದು. ಆ ದುಡ್ಡನ್ನು ಲಕೋಟೆಯಲ್ಲಿ ಹಾಕಿ ಚೌಕಿಯಲ್ಲಿ ಕೊಡಬಹುದು.

ಮಹಿಷನ ಪ್ರವೇಶಕ್ಕೆ ಬೆಂಕಿಯ ಜಾಗ್ರತೆ ಬೇಕೇ ಬೇಕು. ಅವನು ಬರುವುದು ಜನರ ನಡುವಿನಿಂದ, ದೊಂದಿಯ (ಪಂಜಿನ) ಬೆಳಕಿನಲ್ಲಿ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಆಳೆತ್ತರ ಹಾರುತ್ತದೆ. ದಾರಿಯ ಮೇಲೆ ಒಣ ಮಡಲಿನ (ತೆಂಗಿನ ಗರಿಯ) ಚಪ್ಪರವಾಗಲಿ, ಪ್ಲಾಸ್ಟಿಕ್ ತೋರಣವಾಗಲಿ ಇರಬಾರದು. ಎರಡೂ ಬದಿಗೆ ಹಗ್ಗ ಕಟ್ಟಿ ಮಕ್ಕಳನ್ನು ಆಚೆ ಕೂರಿಸಬೇಕು. ನಾಲ್ಕು ಬಕೆಟ್ ಹೊಯಿಗೆ ತಯಾರಿರಲಿ. ಗರ್ನಾಲು ಪಟಾಕಿ ಬಿಡುವ ಉತ್ಸಾಹಿಗಳನ್ನು ಗದ್ದೆಯ ಹುಣಿಯ (ಬದುವಿನ) ಆಚೆಗೆ ಕಳಿಸಬೇಕು.

ಮಂಗಳ ಹಾಡಿದ ಮೇಲೆ ಮನೆಯವರು ಮತ್ತೆ ಚೌಕಿಗೇ ಹೋಗಿ ಪ್ರಸಾದ ತೆಗೆದುಕೊಳ್ಳಬೇಕು. ಅಷ್ಟು ಹೊತ್ತಿಗೆ ಹೆಚ್ಚಿನ ಮನೆಯವರಿಗೆ ನಿದ್ದೆ. ಬೇರೆ ಯಾರಾದರೂ ತಂದುಕೊಟ್ಟರೆ ಆಯಿತು ಎಂದುಕೊಳ್ಳುತ್ತಾರೆ. ಹೇಳಿಕೊಂಡವರ ಪೈಕಿ ಒಬ್ಬರಾದರೂ ಎಚ್ಚರವಿದ್ದು, ಮುಡಿಪನ್ನು ಬಿಚ್ಚಿ ಚೌಕಿಯ ದೇವರ ಮುಂದೆ ಕಾಣಿಕೆಯಾಗಿ ಹಾಕಿ, ತೀರಿತು ಎಂದು ಹೇಳಿಯೇ ಬರಬೇಕು. ಅದೇ ಭರದಲ್ಲಿ ‘ಅಮ್ಮಾ, ಇನ್ನೊಂದು ಆಟ ಆಡಿಸುತ್ತೇವೆ’ ಎಂದು ಬಾಯಿಗೆ ಬಂದದ್ದನ್ನು ಆಡುವವರು ತುಂಬ ಜನ. ಆ ಹೊಸ ಆಟಕ್ಕೆ ದಿನ ಸಿಗುವಾಗ ಈಗ ಎತ್ತಿಕೊಂಡಿರುವ ಮಗುವಿಗೆ ಮದುವೆಯ ವಯಸ್ಸಾಗಿದ್ದರೂ ಆಶ್ಚರ್ಯವಿಲ್ಲ. ಮನಸ್ಸು ತುಂಬಿ ಬಂದಿದ್ದರೆ ಹೂವಿನ ಪೂಜೆ ಹೇಳಿಕೊಳ್ಳಬಹುದು, ಮುಂದಿನ ಶುಕ್ರವಾರವೇ ಹೋಗಿ ತೀರಿಸಿ ಬರಲಿಕ್ಕಾಗುತ್ತದೆ.