ನಾರ್ಫೋಕ್ ವಂಶವೃಕ್ಷ: ಮೂರನೇ ಹಾಳೆಯೂ ಅಟ್ಟಕ್ಕೆ

ಇಂಗ್ಲೆಂಡಿನ ನಾರ್ಫೋಕ್ ಡ್ಯೂಕ್‌ಗಳ ವಂಶವೃಕ್ಷವನ್ನು ಕೈಯಲ್ಲೇ ಬರೆಯುತ್ತಿದ್ದೇನೆ; ಡ್ಯೂಕ್ ಅಂದರೆ ಅಲ್ಲಿ ರಾಜಮನೆತನದ ಕೆಳಗೆ ಅತಿ ದೊಡ್ಡ ವಂಶಪಾರಂಪರ್ಯ ಪದವಿ. ಭಾನುವಾರ ರಾತ್ರಿ ಮೂರನೇ ಎ1 ಹಾಳೆಯನ್ನೂ ಸುತ್ತಿ ಅಟ್ಟಕ್ಕೆ ಎಸೆದೆ. ಈ ಸಲ ತಪ್ಪು ಮಸಿಯದ್ದಲ್ಲ. ನಾಲ್ಕನೇ ಡ್ಯೂಕ್ ಮತ್ತು ಐದನೇ ಡ್ಯೂಕ್ ನಡುವಿನ ಜಾಗದ್ದು.

ನಾರ್ಫೋಕ್ ಡ್ಯೂಕ್‌ಗಳಲ್ಲಿ ಹೋವರ್ಡ್ ಮನೆತನದವರು 18 ಜನ. ನಾನು ಬುದ್ಧಿವಂತನ ಹಾಗೆ 18 ಸಾಲು ಎಳೆದೆ, ತಲೆಗೊಂದು ಸಾಲು.

ಈ ಮನೆಯಲ್ಲಿ ತಲೆ ನಿಲ್ಲುವುದೇ ಕಷ್ಟ. ಮೊದಲನೆಯವನು 1485ರಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಸೋತ ರಾಜನ ಕಡೆ ನಿಂತು ಸತ್ತ, ಪದವಿಯೂ ಹೋಯಿತು. ಮಗ ಫ್ಲಾಡನ್ ಯುದ್ಧದಲ್ಲಿ ಸ್ಕಾಟರನ್ನು ಸೋಲಿಸಿ 1514ರಲ್ಲಿ ವಾಪಸ್ ಪಡೆದ. ಮೂರನೆಯವನ ಮಗ ಸರ್ರೆಯ ತಲೆ 1547ರ ಜನವರಿಯಲ್ಲಿ ಉರುಳಿತು. ಅಪ್ಪನದ್ದೂ ಉರುಳಬೇಕಿತ್ತು, ಆದರೆ ಹಿಂದಿನ ರಾತ್ರಿ ರಾಜ ಎಂಟನೇ ಹೆನ್ರಿಯೇ ಸತ್ತ, ಅಪ್ಪ ಬಚಾವಾದ. ಮಗ ಮೊದಲೇ ಹೋದದ್ದರಿಂದ ನಾಲ್ಕನೆಯವನು ಮೊಮ್ಮಗ. 1572ರಲ್ಲಿ ಅವನ ತಲೆಯೂ ಹೋಯಿತು. ಅಲ್ಲಿಂದ 1660ರವರೆಗೆ, 88 ವರ್ಷ, ಡ್ಯೂಕೇ ಇಲ್ಲ.

ಐದನೆಯವನು ನಾಲ್ಕನೆಯವನಿಗಿಂತ ನಾಲ್ಕು ತಲೆಮಾರು ಕೆಳಗೆ. ನನ್ನ ಹಾಳೆಯಲ್ಲಿ ಒಂದೇ ಸಾಲು ಕೆಳಗೆ! ನಡುವಿನ ಫಿಲಿಪ್, ಥಾಮಸ್, ಹೆನ್ರಿ ಫ್ರೆಡರಿಕ್ ಮೂವರೂ ಅರಂಡೆಲ್ ಅರ್ಲ್‌ಗಳು (ಡ್ಯೂಕ್‌ಗಿಂತ ಕೆಳಗಿನ ಪದವಿ), ಡ್ಯೂಕ್‌ಗಳಲ್ಲ. ನಂಬರ್ ಇಲ್ಲದವರು ಅಂತ ಅಡ್ಡಡ್ಡ, ಇರುವೆ ಸಾಲಿನ ಹಾಗೆ ತುರುಕಿದೆ. ಅಷ್ಟು ಸಣ್ಣ ಅಕ್ಷರಕ್ಕೆ ನಿಬ್ ಸಿಕ್ಕಿಕೊಂಡು ಮಸಿ ಸಿಡಿಯಿತು. ನಾನು ಕೇಳಿದ್ದು ನುಣುಪಾದ ಹಾಟ್‌ಪ್ರೆಸ್, ಅಂಗಡಿಯವರು ಕಳಿಸಿದ್ದು ತರಿತರಿ ಕಾಗದ. ಫೋನ್ ಮಾಡಿದರೆ, "ಎರಡೂ ಬಿಳೀನೇ ಅಲ್ವಾ ಸಾರ್." ಕ್ರಿಮ್ಸನ್ ಗ್ವಾಶ್ ಬಣ್ಣದ ಬದಲು ಬಂದದ್ದು ಮರೂನ್. ಅದಕ್ಕೆ ಫೋನೇ ಮಾಡಲಿಲ್ಲ.

ಸಿಟ್ಟಿಗೆ ಬಟರ್‌ಪೇಪರ್ ಹಾಸಿ ಕೆಳಗಿನಿಂದ ಮೇಲಕ್ಕೆ ಗೆರೆ ಎಳೆಯುತ್ತಾ ಬಂದೆ. ಐದು, ಆರು ಅಣ್ಣತಮ್ಮಂದಿರು. ಏಳು ಆರರ ಮಗ. ಎಂಟು, ಒಂಬತ್ತು ಏಳನೆಯವನ ತಮ್ಮನ ಮಕ್ಕಳು. 1777ರಲ್ಲಿ ಒಂಬತ್ತನೆಯವನು ಮಕ್ಕಳಿಲ್ಲದೆ ಸತ್ತು ಪದವಿ ದಾಯಾದಿಗೆ ಹೋಯಿತು. 1815ರಲ್ಲಿ ಮತ್ತೆ ಅದೇ ಕಥೆ, ಬೇರೆ ದಾಯಾದಿ. ಮೂರು ಕವಲು, ಮೂರು ಗೆರೆ. ಮೂರೂ ಹೋಗಿ ಮುಟ್ಟಿದ್ದು ಒಬ್ಬನನ್ನೇ: 1652ರಲ್ಲಿ ಸತ್ತ ಹೆನ್ರಿ ಫ್ರೆಡರಿಕ್. ಐದರಿಂದ ಹದಿನೆಂಟರವರೆಗೆ 14 ಡ್ಯೂಕ್‌ಗಳೂ ಇವನ ಸಂತಾನ. ಇವನನ್ನೇ ನಾನು ಎರಡು ಮಿಲಿಮೀಟರ್ ಅಕ್ಷರದಲ್ಲಿ ತುರುಕಿದ್ದು!

ಸರಿ, ನಂಬರ್ ಬಿಟ್ಟು ತಲೆಮಾರಿಗೊಂದು ಸಾಲು ಅಂತ ಲೆಕ್ಕ ಹಾಕಿದೆ. ಎಷ್ಟಾಯಿತು ಹೇಳಿ? ಹದಿನೆಂಟೇ. ಎರಡು ಸಲ ಎಣಿಸಿದೆ. ನಡುವೆ ಡ್ಯೂಕ್ ಆಗದವರು ತಿಂದ ಸಾಲುಗಳನ್ನು ಅಣ್ಣತಮ್ಮಂದಿರು, ದಾಯಾದಿಗಳು ಒಂದೇ ಸಾಲಿನಲ್ಲಿ ಕೂತು ಸರಿದೂಗಿಸಿದ್ದಾರೆ. ಒಂದರಿಂದ ಮೂರು, ಆಮೇಲೆ ಹನ್ನೆರಡರಿಂದ ಹದಿನೆಂಟು, ಎಲ್ಲ ತಮ್ಮ ನಂಬರಿನ ಸಾಲಿನಲ್ಲೇ ಇದ್ದಾರೆ. ಹದಿನಾರನೆಯವನಿಗೆ ನಾಲ್ಕು ಹೆಣ್ಣುಮಕ್ಕಳೇ ಆಗಿ 1975ರಲ್ಲಿ ಪದವಿ ಮತ್ತೆ ದಾಯಾದಿಗೆ ಹಾರಿತಲ್ಲ, ಆಗಲೂ ಲೆಕ್ಕ ತಪ್ಪಿಲ್ಲ. ಅಂದರೆ ಅಟ್ಟದ ಮೇಲಿರುವ ಹಾಳೆಗಳ ಗೆರೆ ಸರಿಯಾಗೇ ಇದ್ದವು. ಮೂರು ಹಾಳೆ ಸುಮ್ನೆ ದಂಡ.

ಈಗಲೇ ಹೇಳಿಬಿಡ್ತೀನಿ, ಮುಂದಿನದು ವೆಲ್ಲಿಂಗ್ಟನ್. 1799ರಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ 1814ರಲ್ಲಿ ಡ್ಯೂಕ್ ಆದದ್ದು. ಅಲ್ಲಿ ಆರನೆಯವನು 1943ರಲ್ಲಿ ಇಟಲಿಯ ಯುದ್ಧದಲ್ಲಿ ಸತ್ತು ಪದವಿ ಚಿಕ್ಕಪ್ಪನಿಗೆ ಹೋಯಿತು. ಗೆರೆ ಮೇಲಕ್ಕೆ ಹತ್ತಬೇಕು! ಅದನ್ನು ಹೇಗೆ ಎಳೀತೀರಿ?

ಆಯ್ತು, ನಾರ್ಫೋಕ್‌ಗೆ ಬರೋಣ. ಫ್ಲಾಡನ್ ಗೆಲುವಿಗೆ ಸಿಕ್ಕ ಲಾಂಛನ ಇನ್ನೂ ಬಾಕಿ ಇದೆ: ಬಾಯಿಗೆ ಬಾಣ ನೆಟ್ಟ ಅರ್ಧ ಸಿಂಹ, ಕಡಲೆಕಾಳಿನಷ್ಟು ಗುರಾಣಿಯೊಳಗೆ. ಸದ್ಯಕ್ಕೆ ನಾಲ್ಕನೇ ಹಾಳೆಯ ಎಂಟನೇ ಸಾಲಿನ ನಟ್ಟನಡುವೆ ಒಂದು ಹೆಸರು ಮಾತ್ರ ಬರೆದಿದ್ದೇನೆ. ಕಿರೀಟ ಇಲ್ಲ, ನಂಬರ್ ಇಲ್ಲ, ಎರಡು ಸೆಂಟಿಮೀಟರ್ ಅಕ್ಷರ. ಬಣ್ಣ ಮರೂನ್, ಹೇಗೂ ಖರ್ಚಾಗಬೇಕಿತ್ತು.